ಸ್ಟೂಲು ಕೇಳಿ ಬಂದವರು

ದಿಫಾಲಾನೆ, ಬೋಟ್ಸ್ವಾನಾ
ಸೆಪ್ಟೆಂಬರ್ ೧೪

ಪ್ರೀತಿಯ ದಿಟಿರೊಗೆ,

ಗಡಿಯಾಚೆಯ ತಾಮ್ರದ ಗಣಿಯಲ್ಲಿ ನೀನು ಕ್ಷೇಮವಾಗಿರುವೆ, ಜಾಂಬಿಯಾದವರ ಮುದ್ದೆ ನಮ್ಮ ಮುದ್ದೆಗಿಂತ ಗಟ್ಟಿ ಎಂಬ ನಿನ್ನ ದೂರು ಇನ್ನೂ ಮುಗಿದಿಲ್ಲ ಎಂದು ನಂಬಿ ಈ ಕಾಗದ ಆರಂಭಿಸುತ್ತಿದ್ದೇನೆ. ಇಲ್ಲಿ ಬಿಸಿಗಾಳಿ ಶುರುವಾಗಿದೆ. ನಿನ್ನ ದೊಡ್ಡತ್ತೆ ಅಂಗಳಕ್ಕೆ ಹೊಸದಾಗಿ ಸಗಣಿ ಸಾರಿಸಿದ್ದಾರೆ. ನಿನ್ನ ಬಿಳಿ ಪಿಕಪ್ಪು ನನ್ನ ಮನೆಯ ಜಗುಲಿಗೆ ಒತ್ತಿಕೊಂಡು ನಿಂತಿದೆ; ಮಧ್ಯಾಹ್ನದ ನೆರಳು ಅಲ್ಲಿ ಚೆನ್ನಾಗಿ ಬೀಳುತ್ತದೆ.

ಫೋನಿನಲ್ಲಿ ನೀನು ಮತ್ತೆ ಮತ್ತೆ ಕೇಳಿದೆ: "ಮೇಷ್ಟ್ರೇ, ಆವತ್ತು ನಿಜವಾಗ್ಲೂ ಏನಾಯ್ತು? ಥುಸೊ ಬರೀ ನಗ್ತಾನೆ, ದೊಡ್ಡತ್ತೆ ಬರೀ ಬೈತಾರೆ." ಪ್ರತಿ ಸಲವೂ ನಾನು ಸಿಗ್ನಲ್ಲಿನ ಮೇಲೆ ತಪ್ಪು ಹೊರಿಸಿ ಮಾತು ಮುಗಿಸಿದೆ. ಹೆಣ್ಣು ಕೇಳಲು ಹೋದವರು ಬರಿಗೈಯಲ್ಲಿ ಬಂದರು ಎಂಬುದಷ್ಟೇ ನಿನಗೆ ಗೊತ್ತು. ನಿಜ ಹೇಳಬೇಕೆಂದರೆ ನಾವು ಬರಿಗೈಯಲ್ಲಿ ಬರಲಿಲ್ಲ. ಅದೇ ದುಃಖ. ಇಂಥದ್ದನ್ನು ಕಾಗದದ ಮೇಲೆಯೇ ಹೇಳಬೇಕು; ಆಡಿದ ಮಾತನ್ನು ಕೇಳಿದವನು ಅರ್ಧಕ್ಕೇ ತಡೆಯಬಹುದು, ಬರೆದದ್ದನ್ನು ಕೊನೆಯವರೆಗೂ ಓದಲೇಬೇಕಾಗುತ್ತದೆ. ಗುರುವಾರ ನಿನ್ನ ಗಣಿಯ ಕಡೆಗೆ ಲಾರಿಯೊಂದು ಹೊರಡುತ್ತದೆ, ಅದರ ಚಾಲಕನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನೀನು ಹೊರಡುವ ಹಿಂದಿನ ದಿನ ಗಾಡಿಯ ಕೀಲಿಯನ್ನು ನನ್ನ ಕೈಯಲ್ಲಿಟ್ಟು ಹೇಳಿದ ಮಾತು ನಿನಗೆ ನೆನಪಿರಬಹುದು. "ಇದಕ್ಕೆ ಏನೇನು ಹಾಕಿಸ್ಬೇಕೋ ನೀವೇ ನೋಡಿ ಹಾಕಿಸಿ ಮೇಷ್ಟ್ರೇ. ನನಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದವರು ನೀವು. ಥುಸೊ ಕೈಗೆ ಬಿಟ್ರೆ ಗಾಡಿಗೆ ಕೊಂಬು, ಬಾಲ ಎಲ್ಲಾ ಬರುತ್ತೆ." ಆ ಮಾತಿನಿಂದ ನನಗಾದ ಸಂತೋಷವನ್ನು ಆಗ ತೋರಿಸಿಕೊಳ್ಳಲಿಲ್ಲ. ತಾಂತ್ರಿಕ ಶಾಲೆಯಲ್ಲಿ ಅಷ್ಟು ವರ್ಷ ಹುಡುಗರ ಮುಂದೆ ನಿಂತವನಿಗೆ ನಿವೃತ್ತಿಯ ನಂತರ ಸಿಕ್ಕ ಅತ್ಯಂತ ದೊಡ್ಡ ಗೌರವ ಅದು. ಅದರ ಜೊತೆಗೆ ನೀನು ಇನ್ನೊಂದನ್ನೂ ಒಪ್ಪಿಸಿದೆ. ನಿನ್ನ ತಾಯಿಯ ಅಣ್ಣ ಬದುಕಿದ್ದಿದ್ದರೆ ನೀನು ಮೆಚ್ಚಿದ ಬೊನೊಲೊಳ ಮನೆಯ ಬಾಗಿಲಲ್ಲಿ ನಿಂತು ಮಾತನಾಡುವ ಹಕ್ಕು ಅವನದಾಗಿತ್ತು. ಆ ಜಾಗದಲ್ಲಿ ನನ್ನನ್ನು ನಿಲ್ಲಿಸಿದೆ. ಎರಡು ಕೆಲಸಗಳೂ ಒಂದೇ ಗಾಡಿಯ ಮೇಲೆ ಕುಳಿತಿದ್ದವು, ಎರಡೂ ಒಟ್ಟಿಗೇ ಕೆಟ್ಟವು.

ಮಾವುನ್ ಪಟ್ಟಣದಲ್ಲಿ ಗಾಡಿಗಳಿಗೆ ಬಿಡಿಭಾಗ ಹಾಕುವ ಅಂಗಡಿಗೆ ನಿನ್ನ ಚಿಕ್ಕಪ್ಪನ ಮಗ ಥುಸೊ ಮತ್ತು ನಾನು ಹೋದೆವು. ಗೋಡೆಯ ತುಂಬ ಕಬ್ಬಿಣದ ಗಾರ್ಡುಗಳನ್ನು ಬೇಟೆಗಾರರ ಮನೆಯ ಕೊಂಬುಗಳ ಹಾಗೆ ನೇತುಹಾಕಿದ್ದರು. ಥುಸೊಗೆ ಇಬ್ಬರು ಮಕ್ಕಳಿದ್ದಾರೆ ಎಂದು ಆ ಕ್ಷಣದಲ್ಲಿ ಯಾರೂ ನಂಬುತ್ತಿರಲಿಲ್ಲ. ಅವನು ಒಂದೊಂದರ ಮುಂದೆಯೂ ನಿಂತು ಕೈಯಾಡಿಸುತ್ತಿದ್ದ. ಮೊದಲು ಅವನಿಗೆ ಬೇಕಾಗಿದ್ದು, ಎಂಜಿನ್ನಿಗೆ ಮೇಲಿನಿಂದ ಗಾಳಿ ಕೊಡುವ ಉದ್ದನೆಯ ಕೊಳವೆ. ಆನೆಯ ಸೊಂಡಿಲಿನಂತೆ ಬಾನೆಟ್ಟಿನ ಪಕ್ಕದಿಂದ ಮೇಲೇರುವಂಥದ್ದು.

"ಇದಿದ್ರೆ ಗಾಡಿ ಹೊಳೇಲೂ ಹೋಗುತ್ತೆ ಮೇಷ್ಟ್ರೇ!"

"ಹೊಳೆ ಎಲ್ಲಿದೆಯೋ ನಮ್ಮೂರಲ್ಲಿ? ಮೊದಲು ಹೊಳೆ ತಗೊಂಡು ಬಾ, ಆಮೇಲೆ ಸೊಂಡಿಲು ಹಾಕ್ಸೋಣ" ಎಂದೆ. ಗಲ್ಲಾದಲ್ಲಿದ್ದ ಹುಡುಗಿ ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದ ಬೆರಳುಗಳಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ನಾನು ತರಗತಿಯಲ್ಲಿ ನಿಮಗೆಲ್ಲ ಹೇಳುತ್ತಿದ್ದ ಕ್ರಮದಲ್ಲಿಯೇ ಆಯ್ಕೆ ಮಾಡಿದೆ. ಗಾಡಿಗೆ ಏನು ಚಂದ ಎಂದು ಕೇಳಬಾರದು, ಗಾಡಿ ಏನನ್ನು ಹೊರಬೇಕು, ಯಾವ ದಾರಿಯಲ್ಲಿ ಹೊರಬೇಕು ಎಂದು ಕೇಳಬೇಕು. ನೀನು ಗಣಿಯಿಂದ ಮರಳಿದ ಮೇಲೆ ದನದ ಹಟ್ಟಿಗಳನ್ನು ಸುತ್ತಿ ಕೊಳವೆಬಾವಿಯ ಎಂಜಿನ್ನುಗಳನ್ನು ರಿಪೇರಿ ಮಾಡುವವನು. ಆ ದಾರಿಗಳಲ್ಲಿ ಗಾಲಿ ಮುಳುಗುವಷ್ಟು ಮರಳು, ನಡುವೆ ಮರದ ಬೊಡ್ಡೆಗಳು. ಹಾಗಾಗಿ ಸ್ಪ್ರಿಂಗುಗಳನ್ನು ಬದಲಿಸಿ ಗಾಡಿಯನ್ನು ಎತ್ತರಿಸುವುದು ಮೊದಲು. ಅಗಲವಾದ, ಹಲ್ಲು ದಪ್ಪಗಿರುವ ಟೈರುಗಳು ಎರಡನೆಯದು. ಸಂಜೆಯ ಹೊತ್ತು ಟಾರು ರಸ್ತೆಯ ನಡುವೆ ಕತ್ತೆಗಳು ನಿಂತಲ್ಲೇ ನಿದ್ದೆ ಹೋಗುವುದು ನಿನಗೆ ಗೊತ್ತೇ ಇದೆ. ಅದಕ್ಕಾಗಿ ಮುಂದಿನ ಕಬ್ಬಿಣದ ಗಾರ್ಡು. ಹಿಂದಿನ ತೊಟ್ಟಿಗೆ ಬೀಗವಿರುವ ಮುಚ್ಚುಗೂಡು ಬೇಕು, ನಿನ್ನ ಸಲಕರಣೆಗಳಿಗೆ. ಆದರೆ ಹೆಣ್ಣು ಕೇಳುವ ದಿನ ನಿನ್ನ ಇಬ್ಬರು ಚಿಕ್ಕಪ್ಪಂದಿರೂ ಅವರ ಹೆಂಡಿರೂ ಹಿಂದೆ ಕುಳಿತು ಬರಬೇಕಾದ್ದರಿಂದ ಅದನ್ನು ಮುಂದಕ್ಕೆ ಹಾಕಿದೆ. ನೋಡು, ಕುಳಿತುಕೊಳ್ಳುವವರ ಬಗ್ಗೆ ಯೋಚಿಸಿದೆ. ಹತ್ತುವವರ, ಇಳಿಯುವವರ ಬಗ್ಗೆ ಯೋಚಿಸಲಿಲ್ಲ.

ಯೋಚಿಸಲಿಲ್ಲ ಎನ್ನುವುದೂ ಸರಿಯಲ್ಲ. ಆ ಹುಡುಗಿ ನೆನಪಿಸಿದಳು.

"ತಾತ, ಇಷ್ಟು ಎತ್ತರ ಮಾಡ್ಸಿದ್ಮೇಲೆ ಪಕ್ಕದ ಮೆಟ್ಟಿಲು ಹಾಕಿಸ್ಕೊಳ್ಳಿ. ಎರಡೂ ಕಡೆ ಒಂದೊಂದು. ಹತ್ತೋಕೆ ಇಳಿಯೋಕೆ ಆರಾಮ."

ಹಾಗೆ ಹೇಳುತ್ತ ಅವಳು ಒಂದು ಕ್ಷಣ ಕೆಳಗೆ ನೋಡಿದಳು. ನನ್ನ ಬೂಟಿನ ಪಾಲಿಶನ್ನು ನೋಡಿದಳೆಂದುಕೊಂಡೆ.

"ಮೆಟ್ಟಿಲು ಬೇಕಾದವರು ಮಹಡಿ ಮನೆ ಕಟ್ಟಿಸ್ಕೊಳ್ಳಲಿ ಮಗಳೇ. ನಮ್ಮದು ಕೆಲಸದ ಗಾಡಿ" ಎಂದೆ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಥುಸೊ ಅಂತೂ ಆ ಮಾತನ್ನು ಊರಿಗೆ ಬರುವವರೆಗೂ ಸಿಕ್ಕಸಿಕ್ಕವರಿಗೆ ಹೇಳಿದ. ಅಂಥ ಮೆಟ್ಟಿಲು ತಗ್ಗಿನಲ್ಲಿ ಜೋತುಬಿದ್ದು ಬೊಡ್ಡೆಗೆ ತಗಲುತ್ತದೆ, ಎತ್ತರಿಸಿದ ಲಾಭವೆಲ್ಲ ಅಲ್ಲಿಗೇ ಹೋಗುತ್ತದೆ ಎಂದು ನಾನು ಅವನಿಗೆ ತಾಂತ್ರಿಕ ಕಾರಣವನ್ನೂ ವಿವರಿಸಿದೆ. ಕಾರಣ ಸುಳ್ಳಲ್ಲ. ಆದರೆ ಅದು ನನಗೆ ಹೊಳೆದದ್ದು ಜನ ನಕ್ಕ ಮೇಲೆ. ಕೆಲಸ ಮುಗಿದಾಗ ಗಾಡಿ ಸಾಮಾನು ಇಳಿಸುವ ಕಟ್ಟೆಯ ಪಕ್ಕದಲ್ಲಿಯೇ ನಿಂತಿತ್ತು. ಕಟ್ಟೆಯಿಂದ ನೇರ ಸೀಟಿಗೆ ಕಾಲಿಟ್ಟು ಕುಳಿತೆ. ಆ ಎತ್ತರದಿಂದ ದಾರಿಯುದ್ದಕ್ಕೂ ಜನರ ತಲೆಗಳು, ಬೇಲಿಗಳ ಆಚೆಗಿನ ಅಂಗಳಗಳು ಕಾಣುತ್ತಿದ್ದವು. ನನ್ನ ವಿದ್ಯಾರ್ಥಿಯ ಗಾಡಿ ಎಂದು ಹೆಮ್ಮೆಯಾಯಿತು.

ಇನ್ನು ಆ ದಿನದ ವಿಚಾರ.

ಸೂರ್ಯ ಹುಟ್ಟುವ ಮೊದಲು ಹೆಣ್ಣಿನ ಮನೆಯ ಅಂಗಳದಲ್ಲಿ ಕುಳಿತಿರಬೇಕು ಎಂಬುದು ನಮ್ಮ ಕಟ್ಟುಪಾಡು. ನಕ್ಷತ್ರಗಳಿರುವಾಗಲೇ ಥುಸೊ ನನ್ನ ಜಗುಲಿಗೆ ಗಾಡಿ ತಂದ, ನನ್ನನ್ನು ಹತ್ತಿಸಿಕೊಂಡು ನಿನ್ನ ದೊಡ್ಡತ್ತೆಯ ಮನೆಗೆ ಹೋದ. ಅಲ್ಲಿ ಎಲ್ಲರೂ ಸಿದ್ಧರಾಗಿದ್ದರು. ಹೆಂಗಸರು ಭುಜದ ಮೇಲೆ ಚೌಕಳಿ ಕಂಬಳಿ ಹೊದ್ದು ಪಿನ್ನು ಹಾಕಿ ತಲೆಗೆ ವಸ್ತ್ರ ಕಟ್ಟಿಕೊಂಡಿದ್ದರು, ಗಂಡಸರು ಕೋಟು ತೊಟ್ಟಿದ್ದರು. ದೊಡ್ಡತ್ತೆ ಗಾಡಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇದೇನೋ ಥುಸೊ, ಗಾಡಿ ತಂದ್ಯೋ ಜಿರಾಫೆ ತಂದ್ಯೋ?"

"ಹತ್ತು ದೊಡ್ಡತ್ತೆ, ಮೇಲಿನಿಂದ ಊರು ಚೆನ್ನಾಗಿ ಕಾಣುತ್ತೆ."

"ಊರು ನೋಡಿ ನೋಡಿ ಸಾಕಾಗಿದೆ. ಹತ್ತೋದು ಹೇಗೆ ಹೇಳು."

ಥುಸೊನ ಹೆಂಡತಿ ನೆಯೊ ಓಡಿಹೋಗಿ ಖಾಲಿ ಬಿಯರಿನ ಕ್ರೇಟೊಂದನ್ನು ತಂದು ಬೋರಲು ಹಾಕಿದಳು. ಚರ್ಚಿನ ಹೆಂಗಸೊಬ್ಬಳು ಬಿಯರಿನ ಮೇಲೆ ಕಾಲಿಟ್ಟು ಸೊಸೆ ತರಲು ಹೊರಟಿದ್ದಾಳೆ ಎಂದು ದೊಡ್ಡತ್ತೆಯೇ ನಗೆಯಾಡಿಕೊಂಡು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತರು. ನಾವು ಹೊರಟೆವು. ಕ್ರೇಟು ಅಂಗಳದಲ್ಲಿಯೇ ಉಳಿಯಿತು. ನನ್ನನ್ನೂ ಸೇರಿಸಿ ಯಾರಿಗೂ ಅದರ ನೆನಪಾಗಲಿಲ್ಲ.

ಬೊನೊಲೊಳ ಊರಾದ ಮೊಟ್ಲೊಪಿಯ ದಾರಿಯ ಮರಳಿನಲ್ಲಿ ನಿನ್ನ ಗಾಡಿ ಒಂದು ಸಲವೂ ಹೂಳಲಿಲ್ಲ, ದಿಟಿರೊ. ಇದನ್ನು ನಿನಗೆ ಹೇಳಲೇಬೇಕು. ಟೈರುಗಳು ಮರಳನ್ನು ಹಿಡಿದ ರೀತಿ, ಸ್ಪ್ರಿಂಗುಗಳು ಗುಂಡಿಗಳನ್ನು ನುಂಗಿದ ರೀತಿ ಎರಡನ್ನೂ ನೋಡಿ ನನ್ನ ಮನಸ್ಸು ತುಂಬಿ ಬಂತು. ಅಂದುಕೊಂಡದ್ದಕ್ಕಿಂತ ಬಹಳ ಬೇಗ ತಲುಪಿದೆವು. ಬೊನೊಲೊಳ ಮನೆಯ ಬೇಲಿಯ ಮುಂದೆ ಗಾಡಿ ನಿಂತಾಗ ಕೋಳಿಗಳೂ ಎದ್ದಿರಲಿಲ್ಲ. ನಾನು ಮನಸ್ಸಿನಲ್ಲಿಯೇ ಮಾತನ್ನು ಇನ್ನೊಮ್ಮೆ ಹೇಳಿಕೊಂಡೆ: ದಾರಿಹೋಕರು ನಾವು, ಬಾಯಾರಿದ್ದೇವೆ, ನಿಮ್ಮ ಮನೆಯಲ್ಲಿ ನೀರಿನ ಸೋರೆಬುರುಡೆಯೊಂದು ಇದೆ ಎಂದು ಕೇಳಿ ಬಂದೆವು. ಹೆಣ್ಣನ್ನು ಬುರುಡೆಯ ಹೆಸರಿನಲ್ಲಿ ಕೇಳುವ ಆ ಮಾತೇ ಆ ಅಂಗಳದಲ್ಲಿ ನಮ್ಮ ಬಾಯಿಂದ ಬರಬೇಕಾದ ಮೊದಲ ಬೇಡಿಕೆ. ಅದಕ್ಕೆ ಮೊದಲು ಇನ್ನೇನನ್ನೂ ಕೇಳುವಂತಿಲ್ಲ; ಬೆಂಕಿಯನ್ನಾಗಲಿ, ನೆರಳನ್ನಾಗಲಿ.

ಹಿಂದಿನ ತೊಟ್ಟಿಯಲ್ಲಿದ್ದವರು ಧುಮುಕಿದರು. ಥುಸೊ, ನೆಯೊ ಇಳಿದರು. ನಾನು ನನ್ನ ಬಾಗಿಲು ತೆರೆದು ಇಳಿಯುವುದರಲ್ಲಿದ್ದೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ದೊಡ್ಡತ್ತೆಯ ಕೂಗು ಕೇಳಿಸಿತು.

"ಅಯ್ಯೋ ನನ್ನ ಸೊಂಟ! ಆಗಲ್ಲಪ್ಪಾ, ಆಗಲ್ಲ. ಇದು ಇಳಿಯೋ ಎತ್ತರಾನಾ?"

ಹಿರಿಯ ಹೆಣ್ಣುಮಗಳೊಬ್ಬಳನ್ನು ಗಾಡಿಯಲ್ಲಿ ಬಿಟ್ಟು ನಾನೊಬ್ಬನೇ ಇಳಿಯುವುದು ಸೌಜನ್ಯವಲ್ಲ. ಹಾಗಾಗಿ ನಾನೂ ಕುಳಿತೆ. "ನೀವು ಇಳಿಯುವ ತನಕ ನಾನೂ ಇಳಿಯುವುದಿಲ್ಲ" ಎಂದೆ. ಅಲ್ಲಿ ಕಿಟಕಿಯೊಂದಿತ್ತು. ನಮ್ಮ ಎದುರಿಗೇ, ಬೇಲಿಯ ಆಚೆ. ಅದರ ಹಿಂದೆ ಹಾಸಿಗೆ ಹಿಡಿದಿದ್ದ ಬೊನೊಲೊಳ ಅಪ್ಪ ಮಲಗಿದ್ದಾರೆಂದು ನಮಗೆಲ್ಲ ಗೊತ್ತಿತ್ತು. ಹೆಣ್ಣು ಕೇಳುವ ಮಾತನ್ನು ಕೇಳಿಸಿಕೊಳ್ಳಬೇಕೆಂದು ಹಾಸಿಗೆಯನ್ನು ಕಿಟಕಿಯ ಬಳಿಗೆ ಎಳೆಸಿಕೊಂಡಿದ್ದರೆಂದು ಆಮೇಲೆ ತಿಳಿಯಿತು.

ಥುಸೊ ಬಂದು ಕೈ ಚಾಚಿದ. "ಎತ್ತಿ ಇಳಿಸ್ಲಾ ದೊಡ್ಡತ್ತೆ?"

"ಮುಟ್ಟಿದ್ರೆ ನೋಡು! ಹೆಣ್ಣು ಕೇಳೋಕೆ ಬಂದವಳನ್ನ ಜೋಳದ ಮೂಟೆ ಥರ ಇಳಿಸ್ತೀಯಾ? ಬೇಲಿ ಹಿಂದೆ ಎಷ್ಟು ಕಣ್ಣಿದೆ ಗೊತ್ತಾ ನಿನಗೆ?"

"ಹಾಗಾದ್ರೆ ಮೇಷ್ಟ್ರು ಮೊದ್ಲು ಇಳೀಲಿ. ಅವರನ್ನ ನಾನು ಹಿಡ್ಕೋತೀನಿ."

"ಮೇಷ್ಟ್ರು ನನ್ನ ಜೊತೆ ಇರ್ತಾರೆ. ನೀನು ಸುಮ್ನೆ ಏನಾದ್ರೂ ಹುಡುಕು."

ಹುಡುಕಲು ಅಲ್ಲೇನಿತ್ತು? ಕಲ್ಲು ಸಿಗದ ಊರು ಅದು. ಸ್ವಲ್ಪ ದೂರದಲ್ಲಿ ಗಟ್ಟಿ ಹುತ್ತವೊಂದು ಕಾಣುತ್ತಿತ್ತು. ಗಾಡಿಯನ್ನು ಅಲ್ಲಿಗೆ ಒಯ್ದು ಅದರ ಮೇಲೆ ಇಳಿಸೋಣವೆಂದು ಥುಸೊ ಹೇಳಿದ. ಚಿಕ್ಕಪ್ಪಂದಿರು ಹೌಹಾರಿದರು. ಹೆಣ್ಣಿನ ಮನೆಯ ಬಾಗಿಲಿಗೆ ಬಂದ ಗಾಡಿ ಹಿಂದೆ ತಿರುಗಿದರೆ ಮಾತು ಮುರಿದ ಹಾಗೆಯೇ ಅಲ್ಲವೇ? ಅವರ ಆ ವಾದ ನಡೆಯುತ್ತಿರುವಾಗ ಮೂಡಣ ಕೆಂಪಾಗತೊಡಗಿತು. ನಮ್ಮ ಹಿಂದಿನಿಂದ ಬೆಳಕು ಬಂದು ಮೊದಲು ತಾಗಿದ್ದು ನಮ್ಮ ಗಾಡಿಯ ನೆತ್ತಿಗೆ. ಅಷ್ಟು ಎತ್ತರವಿತ್ತು ಅದು.

ಆಗ ನೆಯೊ ಆ ಕೆಲಸ ಮಾಡಿದಳು. ಅವಳನ್ನು ಬೈಯಬೇಡ. ಅವಳು ಗಾಬರಿಗೊಂಡಿದ್ದಳು, ಕೆಟ್ಟದ್ದೇನನ್ನೂ ಬಯಸಿರಲಿಲ್ಲ. ಬೇಲಿಯ ಆಚೆ ಪುಟ್ಟ ಹುಡುಗಿಯೊಬ್ಬಳು ಅಂಗಳ ಗುಡಿಸಲು ಬಂದಿದ್ದಳು. ನೆಯೊ ಬೇಲಿಯ ಮೇಲೆ ಬಾಗಿ ಪಿಸುಗುಟ್ಟಿದಳು: "ಮಗಳೇ, ಒಂದು ಸ್ಟೂಲು ಕೊಡ್ತೀಯಾ?"

ಮಗು ಪೊರಕೆ ಅಲ್ಲೇ ಬಿಟ್ಟು ಓಡಿತು. ಚರ್ಮದ ಪಟ್ಟಿ ಹೆಣೆದ ಹಳೆಯ ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಬೇಲಿಯ ಮೇಲಿನಿಂದ ಕೊಟ್ಟಿತು. ದೊಡ್ಡತ್ತೆ ಅದರ ಮೇಲೆ ಕಾಲಿಟ್ಟು ಇಳಿದರು. ಸ್ಟೂಲು ಅಲ್ಲಿಯೇ ಇದ್ದುದರಿಂದ ನಾನೂ ಅದನ್ನೇ ಬಳಸಿ ಇಳಿದೆ. ನಾವು ತಲೆ ಎತ್ತಿದಾಗ ಬೊನೊಲೊಳ ಸೋದರಮಾವ ಬಾಗಿಲಲ್ಲಿ ನಿಂತಿದ್ದ. ಸೂರ್ಯ ಪೂರ್ತಿ ಮೇಲೆ ಬಂದಿದ್ದ.

"ಬನ್ನಿ ಬನ್ನಿ" ಎಂದ ಅವನು. "ಸೂರ್ಯನೂ ಬಂದ, ನೀವೂ ಬಂದ್ರಿ. ಅವನಿಗೆ ಮಾತ್ರ ಸ್ಟೂಲು ಬೇಕಾಗ್ಲಿಲ್ಲ."

ಒಳಗಡೆ ಹೆಂಗಸರು ಕಿಸಕ್ಕೆಂದರು. ನಾನು ಧೈರ್ಯ ತಂದುಕೊಂಡು, ಟೋಪಿ ತೆಗೆದು, ಕಲಿತು ಬಂದ ಮಾತನ್ನು ಆರಂಭಿಸಿದೆ. ದಾರಿಹೋಕರು, ಬಾಯಾರಿಕೆ, ಸೋರೆಬುರುಡೆ. ಅವನು ಕೈ ಎತ್ತಿ ನಿಲ್ಲಿಸಿದ.

"ಮೇಷ್ಟ್ರೇ, ನೀವು ಓದಿದವರು. ಈ ಅಂಗಳದಲ್ಲಿ ನಿಮ್ಮ ಕಡೆಯವರು ಮೊದ್ಲು ಕೇಳಿದ್ದೇನು?"

ಉತ್ತರವನ್ನೂ ಅವನೇ ಕೊಟ್ಟ.

"ಬುರುಡೆ ಅಲ್ಲ. ಸ್ಟೂಲು. ಕೇಳಿದ್ದನ್ನ ಕೊಟ್ಟಿದ್ದೀವಿ. ನಮ್ಮ ಮನೇಲಿ ಕೇಳಿ ಬಂದವ್ರನ್ನ ಬರಿಗೈಲಿ ಕಳಿಸೋ ಪದ್ಧತಿ ಇಲ್ಲ. ತಗೊಂಡು ಹೋಗಿ."

ಆಗ ಕಿಟಕಿಯಿಂದ ಒಂದು ಧ್ವನಿ ಬಂತು. ಬಹಳ ಕ್ಷೀಣವಾಗಿತ್ತು. "ಒಳಗೆ ಕರೀರೋ... ಅವರನ್ನ ಕೂರಿಸ್ರೋ." ಬೊನೊಲೊಳ ಅಪ್ಪ. ಆದರೆ ಮಗಳನ್ನು ಕೇಳಲು ಬಂದವರಿಗೆ ಉತ್ತರ ಕೊಡುವ ಹಕ್ಕು ಅಪ್ಪನದಲ್ಲ, ಸೋದರಮಾವನದು. ಸೋದರಮಾವ ಆ ಧ್ವನಿಯನ್ನು ಕೇಳಿಸಿಕೊಂಡ, ಕೇಳಿಸದವನಂತೆ ನಿಂತ. ನಾವೂ ಹಾಗೆಯೇ ಮಾಡಿದೆವು. ಆ ಮನುಷ್ಯನಿಗೆ ಒಂದು ನಮಸ್ಕಾರವನ್ನಾದರೂ ನಾನು ಕೂಗಿ ಹೇಳಬಹುದಿತ್ತು. ಕಟ್ಟುಪಾಡು ಅದಕ್ಕೆ ಅಡ್ಡಿಯಾಗಿರಲಿಲ್ಲ, ನನ್ನ ನಾಚಿಕೆ ಅಡ್ಡಿಯಾಯಿತು.

ಗಾಡಿ ಹತ್ತಲು ಮತ್ತೆ ಅದೇ ಸ್ಟೂಲು ಬೇಕಾಯಿತು. ಹತ್ತಿದ ಮೇಲೆ ನೆಯೊ ಅದನ್ನು ಬೇಲಿಯ ಬಳಿ ಬಿಡಲು ಹೋದಳು. "ತಗೊಂಡು ಹೋಗು ಅಂದ್ನಲ್ಲ, ತಗೋ" ಎಂದರು ದೊಡ್ಡತ್ತೆ. ಹೀಗೆ ನಾವು ಹೆಣ್ಣು ಕೇಳಲು ಹೋಗಿ ಸ್ಟೂಲು ತಂದೆವು.

ಉಳಿದದ್ದು ನಿನಗೆ ಗೊತ್ತು. ಚಳಿಗಾಲ ಮುಗಿಯುವ ಮೊದಲು ಆ ಕಿಟಕಿಯ ಹಿಂದಿನ ಮನುಷ್ಯ ತೀರಿಕೊಂಡರು. ನಿನಗೆ ರಜೆ ಸಿಗಲಿಲ್ಲ; ನಿನ್ನ ಪರವಾಗಿ ನಾವು ಹೋದೆವು. ನಿನ್ನ ಗಾಡಿ ಆ ಮನೆಗೆ ಮೊದಲು ಸೌದೆಯನ್ನು, ಆಮೇಲೆ ಕೀರ್ತನೆ ಹಾಡುವ ಹೆಂಗಸರನ್ನು ಹೊತ್ತೊಯ್ದಿತು. ಈ ಸಲ ಬಿಯರಿನ ಕ್ರೇಟನ್ನು ಯಾರೂ ಮರೆಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಬೊನೊಲೊ ಕೈ ತೊಳೆಯುವ ನೀರು ಹಿಡಿದುಕೊಂಡು ನನ್ನ ಬಳಿಗೆ ಬಂದಳು. ಅತ್ತು ಅವಳ ಕಣ್ಣುಗಳು ಊದಿಕೊಂಡಿದ್ದವು.

"ಗಾಡಿ ಚೆನ್ನಾಗಿದೆ ಮೇಷ್ಟ್ರೇ" ಎಂದಳು. ನೀರು ಹಾಕಿದಳು. "ಸ್ವಲ್ಪ ಎತ್ತರ ಜಾಸ್ತಿ."

ನಾನು ಕೈ ತೊಳೆದುಕೊಂಡೆ. ಅವಳು ಮತ್ತೆ ಹೇಳಿದಳು: "ಅಪ್ಪ ಆವತ್ತು ಇಡೀ ದಿನ ಮಾವನ ಜೊತೆ ಮಾತಾಡ್ಲಿಲ್ಲ. ಇದನ್ನ ದಿಟಿರೊಗೆ ಹೇಳಿ."

ಹೇಳಿದ್ದೇನೆ.

ಇನ್ನು ಒಂದು ವರ್ಷ ಆ ಮನೆಯಲ್ಲಿ ಮದುವೆಯ ಮಾತಿಲ್ಲ. ವರ್ಷ ಕಳೆದ ಮೇಲೆ ಘಾಂಜಿಯ ಕಡೆಯ ಇನ್ನೊಂದು ಮನೆತನದವರು ಬರುವವರಿದ್ದಾರೆ, ಅವರಿಗೆ ದನಗಳು ಬಹಳ ಎಂದು ಸೋದರಮಾವ ಎಲ್ಲರಿಗೂ ಕೇಳಿಸುವಂತೆ ಹೇಳುತ್ತಿದ್ದಾನೆ. ಬೊನೊಲೊಳ ಮನಸ್ಸು ನಿನ್ನಲ್ಲಿದೆ. ಆದರೆ ನಮ್ಮವರಲ್ಲಿ ಮನಸ್ಸು ಬಾಗಿಲು ತೆಗೆಯುವುದಿಲ್ಲ. ಸರಿಯಾದ ಹೊತ್ತಿನಲ್ಲಿ ಆಡಿದ ಸರಿಯಾದ ಮಾತೇ ಅದನ್ನು ತೆಗೆಯಬೇಕು. ಆ ಹೊತ್ತನ್ನೂ ಆ ಮಾತನ್ನೂ ನಿನ್ನ ಪರವಾಗಿ ಕಳೆದವನು ನಾನು. ಒಂದು ಜೊತೆ ಕಬ್ಬಿಣದ ಮೆಟ್ಟಿಲು. ಪಟ್ಟಿಯಲ್ಲಿ ಅದಕ್ಕಿಂತ ಸಣ್ಣ ವಸ್ತು ಇರಲಿಲ್ಲ. ನಿನ್ನ ದೊಡ್ಡತ್ತೆಯ ಸೊಂಟದ ವಿಚಾರ ನನಗೆ ಮೊದಲೇ ಹೊಳೆಯಬೇಕಿತ್ತು. ಅವರನ್ನು ಆ ಎತ್ತರದಲ್ಲಿ ಕೂರಿಸಿ ಜನರ ನಗೆಗೆ ಗುರಿಮಾಡಿದ್ದಕ್ಕಾಗಿ ಅವರ ಕ್ಷಮೆ ಕೇಳಿದೆ. ಅವರು ಕೈಬೀಸಿ, "ಬಿಡಿ ಮೇಷ್ಟ್ರೇ, ನನ್ನ ಸೊಂಟ ತಾನೆ" ಎಂದುಬಿಟ್ಟರು. ಅಷ್ಟು ಸುಲಭವಾಗಿ ಕ್ಷಮಿಸಿದ್ದು ನನಗೆ ಇನ್ನೂ ಭಾರವಾಯಿತು.

ಒಂದು ಸಂಗತಿ ಮಾತ್ರ ನನಗೆ ಅರ್ಥವಾಗಿಲ್ಲ. ಮಣ್ಣಿಗೆ ಹೋಗುವಾಗ ಥುಸೊ ಆ ಸ್ಟೂಲನ್ನು ಗಾಡಿಗೆ ಹಾಕಿಕೊಂಡ, ಹಿಂದಿರುಗಿಸಿಬಿಡೋಣವೆಂದು. ದೊಡ್ಡತ್ತೆ ಅವನ ಕೈಯಿಂದ ಕಿತ್ತುಕೊಂಡು ಮನೆಯೊಳಗೆ ಇಟ್ಟು ಬಂದರು. ಅದು ನಮ್ಮ ಅವಮಾನದ ಗುರುತು, ಅದನ್ನೇಕೆ ಮನೆಯಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದು. ವಯಸ್ಸಾದವರ ಹಟ ಎಂದು ಸುಮ್ಮನಾದೆ.

ಈಗ ನಿನ್ನ ಅಪ್ಪಣೆ ಬೇಕು, ಗಾಡಿ ನಿನ್ನದು. ಎರಡು ದಾರಿಗಳಿವೆ. ಸ್ಪ್ರಿಂಗುಗಳನ್ನು ಬಿಚ್ಚಿಸಿ ಗಾಡಿಯನ್ನು ಮೊದಲಿನ ಎತ್ತರಕ್ಕೆ ಇಳಿಸಬಹುದು, ಆದರೆ ದನದ ಹಟ್ಟಿಗಳ ಮರಳಿನಲ್ಲಿ ನಿನ್ನ ದುಡಿಮೆಗೆ ಕಷ್ಟ. ಇಲ್ಲವೇ ಮೆಟ್ಟಿಲು ಹಾಕಿಸಬಹುದು. ಬೊಡ್ಡೆಗೆ ತಗಲದ ಹಾಗೆ ಮೇಲಕ್ಕೆ ಮಡಚುವ ಮೆಟ್ಟಿಲುಗಳೂ ಇವೆಯೆಂದು ಅಂಗಡಿಯ ಹುಡುಗಿ ಫೋನಿನಲ್ಲಿ ಹೇಳಿದಳು. ಅವಳು ಅಂದೇ ಹೇಳುವವಳಿದ್ದಳಂತೆ, ನಾವು ನಗುತ್ತಿದ್ದುದರಿಂದ ಹೇಳಲಿಲ್ಲವಂತೆ. ದೊಡ್ಡತ್ತೆಯನ್ನು ಇನ್ನೊಮ್ಮೆ ಕರೆದೊಯ್ಯಬೇಕಾದರೆ ಮೆಟ್ಟಿಲೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯದ ಬೆಲೆ ಏನೆಂದು ನಾವಿಬ್ಬರೂ ನೋಡಿದ್ದೇವೆ. ನೀನೇ ತೀರ್ಮಾನಿಸು. ಸೋದರಮಾವನ ಜಾಗಕ್ಕೂ ನನಗಿಂತ ತಕ್ಕವರು ಯಾರಾದರೂ ಇದ್ದರೆ ಸಂಕೋಚವಿಲ್ಲದೆ ಬರೆ. ನಾನು ಬೇಸರಪಡುವುದಿಲ್ಲ.

ನೀನು ಕುಗ್ಗಬೇಡ, ಮಗು. ನನ್ನ ಬೆಂಚಿನ ಮುಂದೆ ನಿಂತ ಹುಡುಗರಲ್ಲಿ, ಬಿಚ್ಚಿದ ಎಂಜಿನ್ನನ್ನು ಮತ್ತೆ ಜೋಡಿಸಿ ಓಡಿಸುವ ತನಕ ಊಟಕ್ಕೆ ಏಳದವನು ನೀನೊಬ್ಬನೇ. ಒಂದು ವರ್ಷವನ್ನು ಅದೇ ತಾಳ್ಮೆಯಿಂದ ಕಳೆ. ಬೊನೊಲೊಗೆ ನೀನೇ ಕಾಗದ ಬರೆ. ಅಪ್ಪನನ್ನು ಕಳೆದುಕೊಂಡವಳಿಗೆ ಫೋನಿನ ಮಾತು ಸಾಲದು. ಬದುಕು ನಿನ್ನ ಪೀಳಿಗೆಗೆ ಇನ್ನೂ ಬಹಳ ಬಾಗಿಲುಗಳನ್ನು ಇಟ್ಟಿದೆ ಎಂದು ನಾನು ಈಗಲೂ ನಂಬುತ್ತೇನೆ. ಅವುಗಳ ಮುಂದೆ ಹೊತ್ತಿಗೆ ಸರಿಯಾಗಿ ಇಳಿಯುವುದೊಂದನ್ನು ಕಲಿಯಬೇಕು.

ನನ್ನಾಕೆ ನಿನಗೆ ಆಶೀರ್ವಾದ ತಿಳಿಸಿದ್ದಾಳೆ.

ನಿನ್ನ ಒಳಿತನ್ನೇ ಬಯಸುವ,
ಗಾಲೆಬೊಯೆ ರಮಾಸು ಮೇಷ್ಟ್ರು

ಇನ್ನೊಂದು ಮಾತು, ಮೇಷ್ಟ್ರಿಗೆ ಗೊತ್ತಿಲ್ಲದ ಹಾಗೆ:

ದಿಟಿರೊ, ನಾನು ನಿನ್ನ ದೊಡ್ಡತ್ತೆ. ಕಾಗದಾನ ಮೇಷ್ಟ್ರು ನನ್ನ ಮುಂದೆ ಓದಿ, ಲಾರಿಯವನಿಗೆ ಕೊಡೋಕೆ ಅಂತ ನನ್ನ ಕೈಲಿ ಕೊಟ್ರು. ಲಕೋಟೆ ಅಂಟಿಸೋದು ಮರೆತ್ರು. ಸಂಜೆ ಶಾಲೇಲಿ ನನಗೆ ಅಕ್ಷರ ಕಲಿಸಿದ್ದೂ ಅವರೇ, ಅದನ್ನೂ ಮರೆತಿದಾರೆ.

ನನ್ನ ಸೊಂಟಕ್ಕೆ ಏನೂ ಆಗಿಲ್ಲ ಮಗಾ. ಹತ್ತೋಕೆ ಕಷ್ಟ, ಇಳಿಯೋಕೆ ಏನು ಕಷ್ಟ? ಎತ್ತಿನ ಬಂಡಿಯಿಂದ ಬೆನ್ನು ತಿರುಗಿಸಿ ಜಾರಿ ಇಳಿದವಳು ನಾನು. ಆವತ್ತೂ ಒಂದು ಕಾಲು ಹೊರಗೆ ಹಾಕಿದ್ದೆ. ಆಗ ಮುಂದಿನ ಸೀಟಿನ ಕಡೆ ನೋಡಿದೆ. ಮೇಷ್ಟ್ರು ಬಾಗಿಲ ಮೇಲಿನ ಹಿಡಿ ಗಟ್ಟಿಯಾಗಿ ಹಿಡ್ಕೊಂಡಿದ್ರು. ಪಾಲಿಶ್ ಮಾಡಿದ ಬೂಟು ಗಾಳೀಲಿ ನೆಲ ಹುಡುಕ್ತಾ ಇತ್ತು. ಸಿಗ್ಲಿಲ್ಲ. ಕಾಲು ಒಳಗೆ ಎಳ್ಕೊಂಡ್ರು, ಮತ್ತೆ ಹಾಕಿದ್ರು, ಮತ್ತೆ ಎಳ್ಕೊಂಡ್ರು. ಅವರ ಮಂಡಿ ಹೋಗಿದೆ. ಹೆಂಡತೀನ ಕೇಳಿದೆ, ಎಣ್ಣೆ ತಿಕ್ಕಿ ತಿಕ್ಕಿ ಕೈ ಸೋತಿದೆ ಅಂದ್ಲು. ಗಾಡಿ ಜಗುಲಿಗೆ ಒತ್ತಿ ನಿಲ್ಸೋದು ನೆರಳಿಗಲ್ಲ.

ನಾನು ಇಳಿದಿದ್ರೆ ಅವರೊಬ್ಬರೇ ಮೇಲೆ ಉಳೀತಿದ್ರು. ನಿನ್ನ ಪರವಾಗಿ ಮಾತಾಡೋ ಬಾಯಿ ಅದು. ಅವರನ್ನ ಥುಸೊ ಮಗು ಥರ ಎತ್ತಿ ಇಳಿಸಿದ್ಮೇಲೆ ಆ ಬಾಯಿಗೆ ಯಾರು ಬೆಲೆ ಕೊಡ್ತಿದ್ರು? ಅದಕ್ಕೆ ಕಾಲು ಒಳಗೆ ಎಳ್ಕೊಂಡು ಸೊಂಟ ಅಂತ ಕೂಗಿದೆ. ಮುದುಕಿ ಸೊಂಟಕ್ಕೆ ಯಾರು ಬೇಕಾದ್ರೂ ನಗ್ಲಿ. ಏನಾದ್ರೂ ಸಿಗುತ್ತೆ, ಇಬ್ರೂ ಇಳೀತೀವಿ ಅಂದ್ಕೊಂಡೆ. ಸೂರ್ಯ ಅಷ್ಟು ಬೇಗ ಬರ್ತಾನೆ ಅಂದ್ಕೊಂಡಿರ್ಲಿಲ್ಲ. ಆ ಕಿಟಕಿ ಧ್ವನಿ ನನ್ನ ಕಿವೀಲಿ ಇನ್ನೂ ಇದೆ. ಅದಕ್ಕೆ ನೀನು ನನ್ನನ್ನ ಬೈದ್ರೆ ಬೈಸ್ಕೋತೀನಿ.

ಆ ಸ್ಟೂಲು ವಾಪಸು ಕೊಟ್ರೆ ಆ ಬಾಗಿಲಿಗೆ ಹೋಗೋಕೆ ನಮಗೆ ಏನು ನೆಪ ಉಳಿಯುತ್ತೆ ಹೇಳು? ತಗೊಂಡ ಸಾಮಾನು ಕೊಡೋಕೆ ಬಂದವ್ರನ್ನ ಯಾವ ಸೋದರಮಾವನೂ ಬಾಗಿಲಲ್ಲಿ ತಡಿಯೋ ಹಾಗಿಲ್ಲ. ಘಾಂಜಿಯವ್ರು ಬರೋದ್ರೊಳಗೆ ನಾವು ಹೋಗ್ತೀವಿ. ಮಣ್ಣಿಗೆ ಹೋದಾಗ ಬೊನೊಲೊ ಅಮ್ಮ ಅಳ್ತಾ ಅಳ್ತಾನೇ ನನ್ನ ಕಿವೀಲಿ ಹೇಳಿದ್ಲು, "ನಮ್ಮ ಸ್ಟೂಲು ಹುಷಾರು ಅಕ್ಕಾ, ಮಳೇಲಿ ಬಿಡ್ಬೇಡಿ" ಅಂತ. ಒಳಗೆ ಇಟ್ಟಿದೀನಿ. ಅದರ ಮೇಲೆ ಯಾರನ್ನೂ ಕೂರೋಕೆ ಬಿಟ್ಟಿಲ್ಲ.

ಮೆಟ್ಟಿಲು ಹಾಕಿಸು. ಮಾತಾಡೋಕೆ ಮೇಷ್ಟ್ರೇ ಬರ್ಲಿ, ಬೇರೆ ಯಾರೂ ಬೇಡ. ಆದ್ರೆ ಅವರಿಗೆ ಬರೆಯುವಾಗ ಹೀಗೆ ಬರಿ: ದೊಡ್ಡತ್ತೆಗೆ ಹತ್ತೋಕೆ ಆಗಲ್ಲ, ಅವರಿಗೋಸ್ಕರ ಮೆಟ್ಟಿಲು ಹಾಕಿಸಿ ಅಂತ.